ಬಾಡಿಗೆಗೆ ಸಿಗದ ತಾಲೀಮು: ಉತ್ಸವದ ವೇದಿಕೆಯಲ್ಲಿ ಕಲೆ ಮತ್ತು ತಂತ್ರಜ್ಞಾನ

2024ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ 1,500 ಡ್ರೋನ್‌ಗಳು ಆಕಾಶದಲ್ಲಿ ಚಿತ್ರ ಬಿಡಿಸಿದಾಗಿನಿಂದ, ತಮ್ಮ ಜಿಲ್ಲೆಯ ಉತ್ಸವಕ್ಕೂ ಅಂಥದ್ದೊಂದು ಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗವೂ ಇದಕ್ಕೆ ಹೊರತಲ್ಲ. ಧಾರವಾಡ ಉತ್ಸವ, ಲಕ್ಕುಂಡಿ ಉತ್ಸವಗಳು ನಡೆಯದೆ ಉಳಿದ ವರ್ಷಗಳೂ ಇವೆ. ನಡೆದಾಗ ಮಾತ್ರ ಎಲ್‌ಇಡಿ ಪರದೆ, ತಿರುಗುವ ದೀಪ, ಲೇಸರ್ ಮತ್ತು ಹೊಗೆಯ ಯಂತ್ರಗಳಿಲ್ಲದ ವೇದಿಕೆಯನ್ನು ಈಗ ಯಾರೂ ಊಹಿಸಿಕೊಳ್ಳುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಕಲೆ ಮತ್ತು ತಂತ್ರಜ್ಞಾನದ ಸಂಗಮ ಎಂದು ಅಚ್ಚು ಹಾಕಿಸುವ ರೂಢಿಯೂ ಬೆಳೆದಿದೆ. ಯಂತ್ರಗಳು ವೇದಿಕೆಗೆ ಬಂದಿವೆ ಎನ್ನುವುದರಲ್ಲಿ ಸಂಶಯವಿಲ್ಲ. ಅವು ಕಲೆಯೊಂದಿಗೆ ಕೂಡಿವೆಯೇ ಎಂಬುದನ್ನು ಮಾತ್ರ ಪರಿಶೀಲಿಸಬೇಕಾಗಿದೆ. ಈ ಲೇಖಕನ ಅಭಿಪ್ರಾಯದಲ್ಲಿ, ಹಾಡುವವರು, ಕುಣಿಯುವವರು ಮತ್ತು ಯಂತ್ರ ನಡೆಸುವವರು ಒಂದೇ ಕೋಣೆಯಲ್ಲಿ ಕುಳಿತು ತಾಲೀಮು ಮಾಡುವಷ್ಟು ಸಮಯ ನಮ್ಮ ಉತ್ಸವಗಳ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಉಳಿದ ಕೊರತೆಗಳೆಲ್ಲ ಇದರ ಬೆನ್ನಿಗೆ ಬರುವಂಥವು.

ಈ ನೆಲಕ್ಕೆ ಯಂತ್ರ ಹೊಸತೇನಲ್ಲ. ನಾಟಕಕಾರ ಶಾಂತಕವಿಗಳ ಕೃತಪುರ ನಾಟಕ ಮಂಡಳಿಯಿಂದ ಹಿಡಿದು ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯವರೆಗೆ, ಗದುಗಿನ ವೃತ್ತಿರಂಗಭೂಮಿ ತನ್ನ ಕಾಲದ ಎಲ್ಲ ಉಪಾಯಗಳನ್ನೂ ಬಳಸಿಕೊಂಡಿತು. ಬಣ್ಣದ ಪರದೆ, ಗ್ಯಾಸ್ ದೀಪ, ಟ್ರಿಕ್ ಸೀನು, ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ, ಇವೆಲ್ಲವೂ ಆಗಿನ ತಂತ್ರಜ್ಞಾನವೇ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಪರದೆ ಎಳೆಯುವವನು, ದೀಪ ಹಿಡಿಯುವವನು ಕಂಪನಿಯ ಬಿಡಾರದಲ್ಲಿಯೇ ಇರುತ್ತಿದ್ದ, ನಟನ ಪಂಕ್ತಿಯಲ್ಲಿಯೇ ಉಣ್ಣುತ್ತಿದ್ದ. ಯಾವ ಮಾತಿನ ಯಾವ ಅಕ್ಷರಕ್ಕೆ ಪರದೆ ಬೀಳಬೇಕೆಂಬುದು ನೂರು ಪ್ರಯೋಗಗಳ ಅಭ್ಯಾಸದಿಂದ ಅವನ ಕೈಗೆ ಗೊತ್ತಿತ್ತು. ಹುಬ್ಬಳ್ಳಿಯ ಗಣೇಶೋತ್ಸವದ ಪೆಂಡಾಲುಗಳಲ್ಲಿ ಜನ ಸಾಲುಗಟ್ಟಿ ನೋಡುವ ಚಲಿಸುವ ರೂಪಕಗಳಲ್ಲಿ ಈ ಗುಣ ಇಂದಿಗೂ ಸ್ವಲ್ಪ ಉಳಿದುಕೊಂಡಿದೆ. ಮೋಟರು, ಪಟ್ಟಿ, ತಂತಿಗಳನ್ನು ಜೋಡಿಸಿ ರಾಕ್ಷಸನ ಕೈ ಎತ್ತಿಸುವ ಓಣಿಯ ಹುಡುಗರು ತಿಂಗಳ ಮೊದಲೇ ಕೆಲಸಕ್ಕೆ ಕೂಡುತ್ತಾರೆ, ಧ್ವನಿಮುದ್ರಿಸಿದ ಸಂಭಾಷಣೆಗೆ ಕೈ ಹೊಂದದಿದ್ದರೆ ಮತ್ತೆ ಬಿಚ್ಚಿ ಕಟ್ಟುತ್ತಾರೆ. ಲಕ್ಷಗಟ್ಟಲೆ ಬಾಡಿಗೆಯ ವೇದಿಕೆಯಲ್ಲಿ ಕಾಣದ ಹೊಂದಾಣಿಕೆ ಈ ಬಡ ರೂಪಕಗಳಲ್ಲಿ ಎಷ್ಟೋ ಸಲ ಕಂಡುಬರುವುದು ಇದೇ ಕಾರಣಕ್ಕೆ.

ಸಂಗೀತದ ಕಡೆ ನೋಡಿದರೆ ತಂತ್ರಜ್ಞಾನ ಕಲೆಯ ಒಳರಚನೆಯನ್ನೇ ತಿದ್ದಿದ ಉದಾಹರಣೆಗಳಿವೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದಾಗ ಒಂದು ಬದಿಗೆ ಸಿಗುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಒಂದು ತಾಸು ಅರಳಬೇಕಾದ ರಾಗವನ್ನು ಅಷ್ಟರಲ್ಲಿ ನಿಲ್ಲಿಸಿ ತೋರಿಸುವುದು ಬೇರೆಯೇ ವಿದ್ಯೆ, ಮತ್ತು ಆ ಪೀಳಿಗೆಯ ಗಾಯಕರು ಅದನ್ನು ಕಲಿತರು. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ, ಎದುರಿಗೆ ಕೇಳುಗರಿಲ್ಲದ ಕೋಣೆಯಲ್ಲಿ, ಗಡಿಯಾರದ ಮುಳ್ಳು ನೋಡುತ್ತ ಹಾಡುವ ಶಿಸ್ತು ಬಂತು. ಮೈಕು ಬಂದ ಮೇಲೆ, ಹಿಂದಿನ ಸಾಲಿಗೆ ಮುಟ್ಟಲೆಂದು ಕಂಠವನ್ನು ಎತ್ತರಿಸಬೇಕಾದ ಅಗತ್ಯ ಹೋಗಿ, ಮಂದ್ರದ ಸಣ್ಣ ಕುಸುರಿಗಳಿಗೆ ಸಭೆಯಲ್ಲಿ ಸ್ಥಾನ ಸಿಕ್ಕಿತು. 1979ರಲ್ಲಿ ಬೆಂಗಳೂರಿನಲ್ಲಿ ಜಿ. ರಾಜ್‌ ನಾರಾಯಣ್‌ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ, ತಂಬೂರಿ ನುಡಿಸಲು ಶಿಷ್ಯರಿಲ್ಲದ ಮನೆಯಲ್ಲಿಯೂ ರಿಯಾಜ್ ಸಾಧ್ಯವಾಯಿತು. ಹಿರಿಯರಲ್ಲಿ ಹಲವರು ಅದರ ನಾದ ಸಪಾಟು ಎಂದು ಗೊಣಗಿದರು. ಆ ಗೊಣಗಾಟದಲ್ಲಿ ಸತ್ಯವಿತ್ತು, ಪೆಟ್ಟಿಗೆ ಮಾತ್ರ ಮನೆಮನೆಗೆ ಬಂತು. ಈ ನಾಲ್ಕೂ ಸಂದರ್ಭಗಳಲ್ಲಿ ಕಲಾವಿದರು ಯಂತ್ರದೊಂದಿಗೆ ವರ್ಷಗಟ್ಟಲೆ ಬಾಳಿದರು. ಸಂಜೆ ಆರಕ್ಕೆ ಬಂದು ರಾತ್ರಿ ಹತ್ತಕ್ಕೆ ಲಾರಿ ಏರುವ ಯಂತ್ರದೊಂದಿಗೆ ಅಂಥ ಒಡನಾಟ ಸಾಧ್ಯವಿಲ್ಲ.

ಹೊರದೇಶಗಳ ಅನುಭವದಲ್ಲಿಯೂ ಎರಡು ಬೇರೆ ಧಾರೆಗಳು ಕಾಣುತ್ತವೆ. ಒಂದು, 1952ರಲ್ಲಿ ಫ್ರಾನ್ಸಿನ ಶಾಂಬೋರ್ ಕೋಟೆಯಲ್ಲಿ ಶುರುವಾದ ಧ್ವನಿ–ಬೆಳಕಿನ ಪ್ರದರ್ಶನ. ಐತಿಹಾಸಿಕ ಕಟ್ಟಡದ ಮೇಲೆ ಬಣ್ಣದ ಬೆಳಕು, ಹಿನ್ನೆಲೆಯಲ್ಲಿ ಧ್ವನಿಮುದ್ರಿತ ಕಥನ, ಎದುರಿಗೆ ಕುರ್ಚಿಯಲ್ಲಿ ಪ್ರೇಕ್ಷಕರು ಎಂಬ ಆ ಮಾದರಿ ಹಂಪಿ, ಮೈಸೂರುಗಳಿಗೂ ಬಂದಿದೆ. ಇದರಲ್ಲಿ ಕಲಾವಿದನ ದೇಹ ಆ ಹೊತ್ತಿಗೆ ಅಲ್ಲಿರಬೇಕಾಗಿಲ್ಲ. ಇನ್ನೊಂದು ಧಾರೆಯ ಆರಂಭವನ್ನು 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂಬತ್ತು ಸಂಜೆಗಳ ಪ್ರಯೋಗದಲ್ಲಿ ಗುರುತಿಸುತ್ತಾರೆ. ಬೆಲ್ ಪ್ರಯೋಗಾಲಯದ ಎಂಜಿನಿಯರ್ ಬಿಲಿ ಕ್ಲೂವರ್ ಮತ್ತು ಚಿತ್ರಕಲಾವಿದ ರಾಬರ್ಟ್ ರೌಶನ್‌ಬರ್ಗ್ ಮುಂದಾಳತ್ವದಲ್ಲಿ ಹತ್ತು ಕಲಾವಿದರು, ಮೂವತ್ತರಷ್ಟು ಎಂಜಿನಿಯರುಗಳು ತಿಂಗಳುಗಟ್ಟಲೆ ಜೊತೆಯಾಗಿ ದುಡಿದು ಅದನ್ನು ಕಟ್ಟಿದರು. ಅಲ್ಲಿ ಕೆಟ್ಟ ಉಪಕರಣಗಳು, ಕಾದು ಬೇಸತ್ತ ಪ್ರೇಕ್ಷಕರು, ಕಟುವಾದ ವಿಮರ್ಶೆ ಎಲ್ಲವೂ ಇದ್ದವು. ಆದರೂ ಕಲಾವಿದ ಮತ್ತು ಎಂಜಿನಿಯರ್ ಸಮಾನವಾಗಿ ಕೂಡಿ ಕೆಲಸ ಮಾಡುವ ಪದ್ಧತಿಗೆ ಅಲ್ಲಿಂದ ಬುನಾದಿ ಸಿಕ್ಕಿತು. ಆಸ್ಟ್ರಿಯದ ಲಿನ್ಸ್ ನಗರದಲ್ಲಿ 1979ರಲ್ಲಿ ಆರಂಭವಾದ ಆರ್ಸ್ ಎಲೆಕ್ಟ್ರಾನಿಕಾ ಉತ್ಸವ ಕಲೆ, ತಂತ್ರಜ್ಞಾನ ಮತ್ತು ಸಮಾಜ ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತ ಬಂದಿದೆ. ಉಕ್ಕಿನ ಕಾರ್ಖಾನೆಗಳ ಊರೆಂದು ಹೆಸರಾಗಿದ್ದ ಆ ನಡುಗಾತ್ರದ ನಗರಕ್ಕೆ ಬೇರೆಯೇ ಗುರುತು ಬಂದದ್ದರಲ್ಲಿ ಆ ಉತ್ಸವದ ಪಾಲು ದೊಡ್ಡದು. ನಮ್ಮ ಜಿಲ್ಲೆಗಳಲ್ಲಿ ಬಂದಿರುವುದು ಬಹುಪಾಲು ಮೊದಲನೆಯ ಧಾರೆ. ಬಿರುದು ಮಾತ್ರ ಎರಡನೆಯದರದ್ದು.

ಯಂತ್ರದ ಕೆಲಸವನ್ನು ಒಳಹೊಕ್ಕು ನೋಡಿದರೆ ಸಮಯದ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಲಕ್ಕುಂಡಿಯನ್ನೇ ತೆಗೆದುಕೊಳ್ಳೋಣ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಾಗಲಿ, ಕಲ್ಯಾಣ ಚಾಲುಕ್ಯರ ಕೆತ್ತನೆಯ ಪರಮಾವಧಿಯೆನಿಸಿದ ಕಾಶಿವಿಶ್ವೇಶ್ವರ ದೇವಾಲಯವಾಗಲಿ, ಪ್ರೊಜೆಕ್ಷನ್ ಮ್ಯಾಪಿಂಗ್‌ಗೆ ಹೇಳಿ ಮಾಡಿಸಿದ ಗೋಡೆಗಳೆಂದು ಯಾರಿಗಾದರೂ ಅನ್ನಿಸಬಹುದು. ಪ್ರೊಜೆಕ್ಷನ್ ಮ್ಯಾಪಿಂಗ್ ಎಂದರೆ, ಕಟ್ಟಡದ ಪ್ರತಿಯೊಂದು ಉಬ್ಬುತಗ್ಗನ್ನೂ ಅಳೆದು, ಅದರ ಮೂರು ಆಯಾಮದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಆ ನಕ್ಷೆಗೆ ಸರಿಯಾಗಿ ಚಿತ್ರವನ್ನು ರೂಪಿಸಿ, ಒಂದಕ್ಕಿಂತ ಹೆಚ್ಚು ಪ್ರೊಜೆಕ್ಟರುಗಳಿಂದ ಅದೇ ಕಟ್ಟಡದ ಮೇಲೆ ಬೀಳಿಸುವುದು. ನಕ್ಷೆ ಸರಿಯಿದ್ದರೆ ಮಕರತೋರಣದ ಅಂಚಿನಲ್ಲಿ ಮಾತ್ರ ಬೆಳಕು ಹರಿಯುತ್ತದೆ, ಕಂಬ ತಿರುಗಿದಂತೆ ಕಾಣುತ್ತದೆ. ನಕ್ಷೆ ನಾಲ್ಕು ಬೆರಳು ತಪ್ಪಿದರೆ ತೋರಣದ ಬೆಳಕು ಗೋಡೆಯ ಮೇಲೆ ಬಿದ್ದು, ಒಟ್ಟಾರೆ ಒಂದು ಬಣ್ಣದ ಮಚ್ಚೆಯಾಗಿ ಉಳಿಯುತ್ತದೆ. ಪ್ರೊಜೆಕ್ಟರ್ ನಿಲ್ಲಿಸಿದ ಅಟ್ಟಣಿಗೆ ಗಾಳಿಗೆ ಅಲುಗಿದರೂ ಇದೇ ಗತಿ.

ಇಲ್ಲಿ ಕಲ್ಲಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಲಕ್ಕುಂಡಿಯದು ಹಸಿರುಗಪ್ಪು ಛಾಯೆಯ ಬಳಪದ ಕಲ್ಲು. ಕೆತ್ತನೆಗೆ ಒಲಿಯುವ ಈ ಕಲ್ಲು ಬೆಳಕನ್ನು ಮರಳಿಸುವುದರಲ್ಲಿ ಜಿಪುಣ. ಲೆಕ್ಕವನ್ನು ಸರಳವಾಗಿ ಹಾಕಬಹುದು. 20,000 ಲ್ಯೂಮೆನ್ (ಹೊರಸೂಸುವ ಬೆಳಕಿನ ಅಳತೆ) ಸಾಮರ್ಥ್ಯದ ದೊಡ್ಡ ಪ್ರೊಜೆಕ್ಟರೊಂದರ ಬೆಳಕನ್ನು 20 ಮೀಟರ್ ಅಗಲ, 10 ಮೀಟರ್ ಎತ್ತರಕ್ಕೆ ಹರಡಿದರೆ ಗೋಡೆಯ ಮೇಲೆ ಚದರ ಮೀಟರಿಗೆ 100 ಲ್ಯೂಮೆನ್, ಅಂದರೆ 100 ಲಕ್ಸ್ ಬೀಳುತ್ತದೆ. ಆ ಗೋಡೆ ಬಿದ್ದ ಬೆಳಕಿನ ನೂರಕ್ಕೆ ಹದಿನೈದು ಪಾಲನ್ನು ಮಾತ್ರ ಮರಳಿಸುತ್ತದೆ ಎಂದುಕೊಂಡರೆ ಕಣ್ಣಿಗೆ ಕಾಣುವ ಹೊಳಪು (ಅದರ ಅಳತೆ ನಿಟ್ಸ್) 5 ನಿಟ್ಸ್‌ನಷ್ಟು. ಸಿನಿಮಾ ಮಂದಿರದ ಪರದೆಗೆ ನಿಗದಿಯಾದ ಮಟ್ಟ 48 ನಿಟ್ಸ್. ಅಂದರೆ ಹತ್ತನೆಯ ಒಂದು ಭಾಗ. ಪಕ್ಕದಲ್ಲಿ ಮಿಠಾಯಿ ಅಂಗಡಿಗಳ ಸಾಲು ದೀಪ ಮತ್ತು ವೇದಿಕೆಯ ಮೇಲೆ ತಿರುಗುವ ದೀಪಗಳಾದ ಮೂವಿಂಗ್ ಹೆಡ್‌ಗಳು ಉರಿಯುತ್ತಿದ್ದರೆ ಕಲ್ಲಿನ ಮೇಲೆ ಏನೂ ಕಾಣದು. ಪರಿಹಾರ ಇಲ್ಲವೆಂದಲ್ಲ: ಗೋಡೆಯ ಸಣ್ಣ ಭಾಗವನ್ನು ಮಾತ್ರ ಆರಿಸಿಕೊಳ್ಳಬೇಕು, ಬಿಳಿ ಮತ್ತು ತಿಳಿ ಬಣ್ಣಗಳಲ್ಲಿ ಯೋಚಿಸಬೇಕು, ಸುತ್ತಲ ದೀಪ ಆರಿಸಬೇಕು, ಮುಖ್ಯವಾಗಿ ಎರಡು ಮೂರು ರಾತ್ರಿ ಅಲ್ಲಿಯೇ ಇದ್ದು ಹೊಂದಿಸಬೇಕು. ಬೇರೆ ಊರಿನ ಬಿಳಿ ಅರಮನೆಗೆ ಮಾಡಿದ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ಆಗುವ ಕೆಲಸ ಇದಲ್ಲ. ಲಕ್ಕುಂಡಿಯ ಈ ದೇವಾಲಯಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಾದ್ದರಿಂದ, ಅವುಗಳ ಆವರಣದಲ್ಲಿ ಏನು ಮಾಡಬೇಕಿದ್ದರೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ ಕಟ್ಟಡ ನಿರ್ಮಾಣದ ನಿಯಮವೂ ಇದೆ. ಬೆಳಕು ಕಲ್ಲನ್ನು ಮುಟ್ಟುವುದಿಲ್ಲ, ಆದರೆ ಬೆಳಕಿನ ಜೊತೆ ಬರುವ ಭಾರಿ ಬೇಸ್ ಸ್ಪೀಕರುಗಳ ಕಂಪನ ಮುಟ್ಟುತ್ತದೆ. ಸಾವಿರ ವರ್ಷದ ಜೋಡಣೆಯ ಎದುರು ಅದನ್ನು ಇಡುವ ಮುನ್ನ ನಾಲ್ಕು ಸಲ ಯೋಚಿಸುವುದು ಒಳ್ಳೆಯದು.

ಜಾನಪದ ಕಲೆಗಳ ಕಡೆ ಬಂದರೆ ವಿಷಯ ಇನ್ನೂ ಕುತೂಹಲಕಾರಿಯಾಗಿದೆ. ಡೊಳ್ಳಿನ ಪೆಟ್ಟಿಗೆ ಸರಿಯಾಗಿ ದೀಪ ಮಿನುಗಬೇಕು, ಹಿಂದಿನ ಪರದೆಯಲ್ಲಿ ಚಿತ್ರ ಚಿಮ್ಮಬೇಕು ಎಂಬ ಕಲ್ಪನೆ ಯಾರಿಗಾದರೂ ಹೊಳೆಯುವಂಥದ್ದು. ಅದನ್ನು ಮಾಡುವ ಬಗೆಯೂ ಸರಳವೇ: ಡೊಳ್ಳಿನ ಬಳೆಗೆ ನಾಣ್ಯದ ಗಾತ್ರದ ಪೀಜೋ ಸಂವೇದಕವನ್ನು ಅಂಟಿಸಿದರೆ, ಅದು ಕಂಪನವನ್ನು ಸಣ್ಣ ವಿದ್ಯುತ್ತಾಗಿ ಬದಲಿಸುತ್ತದೆ, ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ಚಿಪ್ ಆ ವಿದ್ಯುತ್ತನ್ನು ಅಳೆದು, ಪೆಟ್ಟಿನ ಬಲಕ್ಕೆ ತಕ್ಕ ಸಂಖ್ಯೆಯನ್ನು ನಿಸ್ತಂತುವಾಗಿ ಕಂಪ್ಯೂಟರಿಗೆ ಕಳಿಸುತ್ತದೆ, ಕಂಪ್ಯೂಟರು ಅದನ್ನು ದೀಪಗಳ ಭಾಷೆಯಾದ ಡಿಎಂಎಕ್ಸ್‌ಗೆ ತಿರುಗಿಸುತ್ತದೆ. ಸಾಮಾನು ಸಾವಿರಗಳಲ್ಲಿ ಮುಗಿಯುತ್ತದೆ, ಲಕ್ಷಗಳು ಬೇಕಾಗಿಲ್ಲ. ತೊಡಕು ಬರುವುದು ಕುಣಿತ ಶುರುವಾದ ಮೇಲೆ. ಹನ್ನೆರಡು ಡೊಳ್ಳುಗಳು ಒತ್ತೊತ್ತಾಗಿ ಸುತ್ತುವಾಗ ಪಕ್ಕದವನ ಪೆಟ್ಟು ಇವನ ಬಳೆಯಲ್ಲಿಯೂ ನಡುಗುತ್ತದೆ, ಒಂದು ಪೆಟ್ಟಿಗೆ ನಾಲ್ಕು ದೀಪ ಹತ್ತುತ್ತವೆ. ಸಂವೇದನೆಯ ಮಿತಿಯನ್ನು ಏರಿಸಿದರೆ ಎಡಗೈಯ ಮೆದು ಪೆಟ್ಟುಗಳು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಪೆಟ್ಟಿನ ಮಾರ್ದನಿಯನ್ನು ಎರಡನೆಯ ಪೆಟ್ಟೆಂದು ಎಣಿಸದಂತೆ ಪ್ರತಿ ಪೆಟ್ಟಿನ ನಂತರ ಕೆಲವು ಮಿಲಿಸೆಕೆಂಡು ಸಂವೇದಕದ ಕಿವಿ ಮುಚ್ಚಿಸಬೇಕು. ಎಷ್ಟು ಹೊತ್ತು ಎಂಬುದು ಆ ಮೇಳದ ವೇಗವನ್ನು ಕೇಳಿಯೇ ಗೊತ್ತಾಗಬೇಕು. ಸಂಜೆಯ ತಂಪಿಗೆ ಚರ್ಮ ಸಡಿಲವಾದಾಗ ಮೇಳದವರು ಮತ್ತೆ ಬಿಗಿ ಮಾಡಿಕೊಳ್ಳುತ್ತಾರೆ, ಬಿಗಿ ಮಾಡಿದ ಡೊಳ್ಳಿನ ಸಂಖ್ಯೆಗಳು ಮೊದಲಿನಂತಿರುವುದಿಲ್ಲ. ಎತ್ತಿನಗಾಡಿಯ ಗಾಲಿಯ ಬಳೆಗೆ ಚರ್ಮ ಬಿಗಿದು ಮಾಡುವ ಬ್ಯಾಹಟ್ಟಿಯ ಜಗ್ಗಲಿಗೆಯನ್ನು ಉರುಳಿಸಿಕೊಂಡು ಬಾರಿಸುವಾಗ ಸಂವೇದಕವನ್ನು ಎಲ್ಲಿ ಕೂಡ್ರಿಸಬೇಕೆಂಬುದಂತೂ ಬಾರಿಸುವವರನ್ನು ಕೇಳದೆ ಬಗೆಹರಿಯುವುದೇ ಇಲ್ಲ. ಇವೆಲ್ಲ ಬಿಡಿಸಲಾಗದ ಗಂಟುಗಳಲ್ಲ. ಮೇಳದವರೊಂದಿಗೆ ಹತ್ತು ಹದಿನೈದು ಸಂಜೆ ಕುಳಿತ ವಿದ್ಯಾರ್ಥಿಯೊಬ್ಬ ಬಿಡಿಸಬಲ್ಲ. ಅದೇ ದಿನ ಮಧ್ಯಾಹ್ನ ಪರಿಚಯವಾದವರಿಗೆ ಸಾಧ್ಯವಾಗದು. ಹಾಗಾಗಿಯೇ ವೇದಿಕೆಯಲ್ಲಿ ಡೊಳ್ಳು ಒಂದು ಲಯದಲ್ಲಿಯೂ ದೀಪಗಳು ಕಾರ್ಖಾನೆಯಿಂದ ತುಂಬಿ ಬಂದ ಇನ್ನೊಂದು ಲಯದಲ್ಲಿಯೂ ಓಡುತ್ತಿರುತ್ತವೆ.

ದೂರದ ಕಲಾವಿದರನ್ನು ಅಂತರ್ಜಾಲದ ಮೂಲಕ ಒಂದೇ ಕಛೇರಿಯಲ್ಲಿ ಕೂಡಿಸುವ ಪ್ರಸ್ತಾಪಗಳಿಗೂ ಇಂಥದೇ ಒಂದು ಮಿತಿಯಿದೆ. ಜೊತೆಯಾಗಿ ಲಯ ಹಿಡಿಯುವ ವಾದಕರು ಸುಮಾರು 25ರಿಂದ 30 ಮಿಲಿಸೆಕೆಂಡಿನವರೆಗಿನ ವಿಳಂಬವನ್ನು ತಾಳಿಕೊಳ್ಳಬಲ್ಲರು. ಅಂತರ್ಜಾಲದ ಸಂಕೇತ ಹರಿಯುವ ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಆಸುಪಾಸು, ಧಾರವಾಡದಿಂದ ಸುಮಾರು 13,000 ಕಿ.ಮೀ. ಆಚೆಯ ನ್ಯೂಯಾರ್ಕಿಗೆ ಒಂದು ಪೆಟ್ಟು ಮುಟ್ಟಲು, ನಡುವಿನ ಯಂತ್ರಗಳನ್ನು ಬಿಟ್ಟರೂ, 65 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 240 ಮಾತ್ರೆಯ (ತಾಳದ ಎಣಿಕೆಯ) ವೇಗದ ತೀನತಾಲದಲ್ಲಿ ಮಾತ್ರೆಗೆ ನಾಲ್ಕು ಬೋಲ್ (ತಬಲಾದ ಪೆಟ್ಟಿನ ಅಕ್ಷರ) ನುಡಿಸುವ ತಬಲಾವಾದಕನಿಗೆ ಅದು ಒಂದು ಪೂರಾ ಬೋಲಿನ ಅಂತರ. ಆದ್ದರಿಂದ ಸಾಗರದಾಚೆಯ ನೇರ ಜುಗಲಬಂದಿ ಎಂದು ಪರದೆಯ ಮೇಲೆ ತೋರಿಸುವುದು ಸಾಮಾನ್ಯವಾಗಿ ಮೊದಲೇ ಮುದ್ರಿಸಿದ್ದಾಗಿರುತ್ತದೆ, ಇಲ್ಲವೇ ಲಯವಿಲ್ಲದ ಆಲಾಪಕ್ಕೆ ಸೀಮಿತವಾಗಿರುತ್ತದೆ. ಧಾರವಾಡ ಮತ್ತು ಗದಗದ ನಡುವೆ ಇದು ನಿಜವಾಗಿ ಸಾಧ್ಯ. ಎರಡು ತಾಸಿನ ಬಸ್ ಹಾದಿಗೆ ಅಂತರ್ಜಾಲ ಏಕೆ ಎಂದು ಕೇಳುವವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಡ್ರೋನ್ ಪ್ರದರ್ಶನದ ವಿಷಯ ಚುಟುಕಾಗಿ ಹೇಳಬಹುದು. 2022ರ ಜನವರಿಯಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ 1,000 ಡ್ರೋನ್‌ಗಳು ಹಾರಿದಾಗಿನಿಂದ ದೇಶದಲ್ಲಿ ಈ ವಿದ್ಯೆ ಪಳಗಿದೆ. ಪ್ರತಿ ಡ್ರೋನಿನ ದಾರಿಯನ್ನು ಮೊದಲೇ ಲೆಕ್ಕ ಹಾಕಿ ತುಂಬಿರುತ್ತಾರೆ, ನೆಲದ ಮೇಲಿನ ಕೇಂದ್ರವೊಂದು ಉಪಗ್ರಹದ ಸಂಕೇತವನ್ನು ತಿದ್ದಿ ಕೊಡುವುದರಿಂದ ಅವು ಒಂದಕ್ಕೊಂದು ತಾಗದೆ ಸೆಂಟಿಮೀಟರುಗಳ ನಿಖರತೆಯಲ್ಲಿ ನಿಲ್ಲುತ್ತವೆ. ಬ್ಯಾಟರಿಯ ಮಿತಿಯಿಂದಾಗಿ ಪ್ರದರ್ಶನ ಹತ್ತು ಹದಿನೈದು ನಿಮಿಷ ದಾಟುವುದು ವಿರಳ. ಹುಬ್ಬಳ್ಳಿಗೆ ಇದರಲ್ಲೊಂದು ವಿಶೇಷ ಅಡಚಣೆಯಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ, ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದಾದ ಹಸಿರು ವಲಯವೇ ಇಲ್ಲ, 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದವರೆಗೆ ಮಾತ್ರ ಉಂಟು. ಗೋಕುಲ ರಸ್ತೆಯ ನಿಲ್ದಾಣ ಊರಿಗೇ ಅಂಟಿಕೊಂಡಿರುವುದರಿಂದ ಹುಬ್ಬಳ್ಳಿಯ ಮೈದಾನಗಳೆಲ್ಲ ಈ ನಿರ್ಬಂಧಕ್ಕೆ ಒಳಪಡುತ್ತವೆ. ಧಾರವಾಡಕ್ಕೆ ಬರುವಷ್ಟರಲ್ಲಿ ನಿರ್ಬಂಧ ಸಡಿಲವಾಗುತ್ತದೆ. ಅನುಮತಿ ಸಿಕ್ಕರೂ, ಆಕಾಶದಲ್ಲಿ ಮೂಡುವ ಆನೆ, ಹುಲಿ, ನಕ್ಷೆಗಳಿಗೂ ಕೆಳಗೆ ಹಾಡುತ್ತಿರುವವರಿಗೂ ಏನು ಸಂಬಂಧ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆ ಮಾಡುವ ಹಾನಿಯನ್ನು ಕುರಿತು ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ. ಗಾಯಕನ ಬೆನ್ನಿಗೆ ಅಷ್ಟು ಪ್ರಖರವಾದ ಪರದೆ ಇಟ್ಟರೆ ಅವನ ಮುಖ ಕಪ್ಪಾಗುತ್ತದೆ, ಮುಖ ಕಾಣಲೆಂದು ಎದುರಿನಿಂದ ಇನ್ನಷ್ಟು ದೀಪ ಹಾಕಿದರೆ ಅವನು ಕಣ್ಣು ಬಿಡಲಾಗದೆ ಬೆವರುತ್ತಾನೆ. ಹಿಂದೂಸ್ತಾನಿ ಸಂಗೀತದ ಖ್ಯಾಲ್ ಗಾಯನದಲ್ಲಿ ಕೈಯ ಸನ್ನೆ, ತಬಲಾದವನತ್ತ ಹೊರಳುವ ನೋಟ, ತಾಳದ ಮೊದಲ ಮಾತ್ರೆಯಾದ ಸಮ್ ಬಂದಾಗಿನ ತಲೆದೂಗು ಇವೇ ಕಣ್ಣಿನ ಪಾಲು; ಅವನ್ನು ಬಿಟ್ಟು ಜನ ಪರದೆಯಲ್ಲಿ ಹರಿಯುವ ಜಲಪಾತವನ್ನು ನೋಡುತ್ತ ಕೂಡುತ್ತಾರೆ. ಆ ಜಲಪಾತವೂ ಈಗ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ್ದಾಗಿರುತ್ತದೆ. ಇಂಥ ಸಾಧನಕ್ಕೆ ಚಾಲುಕ್ಯರ ದೇವಾಲಯ ಬಿಡಿಸು ಎಂದರೆ ಉತ್ತರ ಭಾರತದ ಶಿಖರವನ್ನು ಕೂಡ್ರಿಸಿ ಕೊಡುವುದುಂಟು, ಚಿತ್ರದೊಳಗಿನ ಕನ್ನಡ ಅಕ್ಷರಗಳು ಓದಲಾಗದ ಗೀಚುಗಳಾಗಿರುವುದುಂಟು. ಕುಮಾರವ್ಯಾಸನ ವೀರನಾರಾಯಣನ ಊರಿನಲ್ಲಿ, ವಿಜಯ ಕಲಾ ಮಂದಿರದಂಥ ಚಿತ್ರಶಾಲೆ ಪೀಳಿಗೆಗಳಿಂದ ಮಕ್ಕಳ ಕೈ ಪಳಗಿಸಿದ ಊರಿನಲ್ಲಿ, ಅಂಥ ಚಿತ್ರದ ಮುಂದೆ ಗಮಕ ವಾಚನ ನಡೆದರೆ ಅದನ್ನು ಸಂಗಮ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ಕೃತಕ ಬುದ್ಧಿಮತ್ತೆ ಇದಕ್ಕಿಂತ ಗಂಭೀರವಾದ ಇನ್ನೊಂದು ಬಾಗಿಲನ್ನೂ ತೆರೆದಿದೆ. ಗತಿಸಿದ ಗಾಯಕರ ದನಿಯನ್ನು ಮರಳಿ ಹುಟ್ಟಿಸಿ ಹೊಸ ಹಾಡು ಹಾಡಿಸುವುದು ಈಗ ಕಷ್ಟವಲ್ಲ. 2024ರಲ್ಲಿ ಎ.ಆರ್. ರೆಹಮಾನ್ ತಮಿಳು ಚಿತ್ರವೊಂದಕ್ಕೆ ಇಬ್ಬರು ದಿವಂಗತ ಗಾಯಕರ ದನಿಯನ್ನು ಹೀಗೆ ಬಳಸಿದಾಗ, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿ ತಾವೇ ತಿಳಿಸಿದರು. ಅದೇ ವರ್ಷ ಅರಿಜಿತ್ ಸಿಂಗ್ ಹೂಡಿದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿಗೆಯಿಲ್ಲದೆ ಗಾಯಕನ ದನಿಯನ್ನು ನಕಲು ಮಾಡುವುದರ ವಿರುದ್ಧ ಮಧ್ಯಂತರ ರಕ್ಷಣೆ ನೀಡಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷಗಳವರೆಗೆ ಇದೆ, ಆದರೆ ಅದು ನಡೆದುಹೋದ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಆ ದನಿಯಿಂದ ಯಂತ್ರ ಹೊಸದಾಗಿ ಹೆಣೆಯುವ ಗಾಯನದ ಬಗ್ಗೆ ಕಾಯ್ದೆಯ ಮಾತು ಸ್ಪಷ್ಟವಿಲ್ಲ. ಕುಂದಗೋಳದ ಸವಾಯಿ ಗಂಧರ್ವ, ಗದುಗಿನ ಭೀಮಸೇನ ಜೋಶಿ, ಧಾರವಾಡದ ಮಲ್ಲಿಕಾರ್ಜುನ ಮನಸೂರರ ದನಿಗಳಿಗೆ ಇಲ್ಲಿನ ಜನರ ಮನಸ್ಸಿನಲ್ಲಿರುವ ಸ್ಥಾನವನ್ನು ನೋಡಿದರೆ, ಯಾವುದೋ ಒಂದು ವರ್ಷ ಯಾವುದೋ ಉತ್ಸವದಲ್ಲಿ ಇಂಥ ಪ್ರಯತ್ನ ನಡೆಯುವುದು ಖಚಿತವೆನ್ನಬೇಕು. ಬಂದಿಶಿನ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿನ ಅಕ್ಷರಗಳನ್ನು ಯಂತ್ರ ಸರಿಯಾಗಿಯೇ ಹಾಡೀತು. ಮುಂದಿನ ಸ್ವರಕ್ಕೆ ಹೋಗಲೋ ಬೇಡವೋ ಎಂದು ಗಾಯಕ ಆ ಕ್ಷಣದಲ್ಲಿ ಮಾಡುವ ತೀರ್ಮಾನವೇ ರಾಗದ ಜೀವ ಎಂದು ನಂಬುವವರಿಗೆ ಅದು ಗೊಂಬೆಯಾಟ. ಕುಟುಂಬದ ಮತ್ತು ಶಿಷ್ಯ ಪರಂಪರೆಯ ಲಿಖಿತ ಒಪ್ಪಿಗೆಯಿಲ್ಲದೆ ಸರ್ಕಾರಿ ವೇದಿಕೆಯಲ್ಲಿ ಇದಕ್ಕೆ ಅವಕಾಶವಿಲ್ಲ ಎಂದು ಈಗಲೇ ನಿಯಮ ಮಾಡಿಕೊಳ್ಳುವುದು ಲೇಸು.

ಇಷ್ಟೆಲ್ಲ ತೊಡಕುಗಳಿಗೆ ಮೂಲ ದುಡ್ಡಿನ ಕೊರತೆ ಎಂದು ಹೇಳಲಾಗದು, ದುಡ್ಡು ಹರಿಯುವ ಕಾಲುವೆಯನ್ನು ನೋಡಬೇಕು. ಸರ್ಕಾರಿ ಉತ್ಸವದ ಖರ್ಚು ಎರಡು ಬೇರೆ ಪಟ್ಟಿಗಳಲ್ಲಿ ಹೋಗುತ್ತದೆ. ವೇದಿಕೆ, ಶಾಮಿಯಾನ, ಧ್ವನಿ, ಬೆಳಕು, ಪರದೆ, ಜನರೇಟರುಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನಲ್ಲಿ ಟೆಂಡರಿಗೆ ಹೋಗುತ್ತವೆ. ಅಲ್ಲಿ ಅಳತೆ ಚದರ ಅಡಿ, ದೀಪದ ಸಂಖ್ಯೆ, ಕಿಲೋವ್ಯಾಟ್ ಮತ್ತು ದಿನದ ಬಾಡಿಗೆ; ಕಡಿಮೆ ದರ ಹೇಳಿದವರಿಗೆ ಕೆಲಸ. ಕಲಾವಿದರ ಸಂಭಾವನೆ ಇನ್ನೊಂದು ಪಟ್ಟಿ, ಅದರ ಅಳತೆ ತಂಡದ ತಲೆಗಳು ಮತ್ತು ಒಂದು ಪ್ರದರ್ಶನ. ದೀಪದವನು ಮತ್ತು ಡೊಳ್ಳಿನವನು ಹತ್ತು ದಿನ ಜೊತೆಗೆ ಕೂತರೆ ಅವರ ಊಟ, ಬಸ್ ಚಾರ್ಜು, ದಿನಗೂಲಿಯನ್ನು ಯಾವ ಪಟ್ಟಿಯ ಯಾವ ಸಾಲಿನಲ್ಲಿ ಬರೆಯಬೇಕು ಎಂಬುದಕ್ಕೆ ಉತ್ತರವಿಲ್ಲ. ಲೆಕ್ಕಪರಿಶೋಧಕರ ಕಣ್ಣಿಗೆ ಪರದೆಯ ಚದರ ಅಡಿ ಕಾಣುತ್ತದೆ, ತಾಲೀಮು ಕಾಣುವುದಿಲ್ಲ. ಅಧಿಕಾರಿಗಳನ್ನು ಇದಕ್ಕಾಗಿ ದೂರುವುದು ಪೂರ್ತಿ ನ್ಯಾಯವಲ್ಲ, ಏಕೆಂದರೆ ದಿನಾಂಕವೇ ಕೊನೆಯ ಗಳಿಗೆಯವರೆಗೆ ಗೊತ್ತಾಗದ ಉತ್ಸವದಲ್ಲಿ ಅವರು ಮಾಡಬಲ್ಲದ್ದೂ ಬಾಡಿಗೆಗೆ ತರುವುದಷ್ಟೆ.

ವೇದಿಕೆಯ ವೇಳೆಯೂ ಇದೇ ಬಗೆಯಲ್ಲಿ ಸೋರಿಹೋಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ನಿಯಮ ಒಳ್ಳೆಯದೇ. ಸಂಜೆ ಆರರ ಉದ್ಘಾಟನೆ ಎಂಟಕ್ಕೆ ಆರಂಭವಾಗಿ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಹಾರ, ಶಾಲು, ಭಾಷಣಗಳು ಮುಗಿಯುವಷ್ಟರಲ್ಲಿ ಒಂಬತ್ತೂವರೆ ಆಗಿರುವಾಗ ಮಾತ್ರ ಅದು ಕಲಾವಿದರ ಕುತ್ತಿಗೆಗೆ ಬರುತ್ತದೆ. ಧ್ವನಿ ಪರೀಕ್ಷೆಗೆ ಸಿಗಬೇಕಾದ ಮಧ್ಯಾಹ್ನದ ಹೊತ್ತು ಗಣ್ಯರ ಕುರ್ಚಿ ಜೋಡಿಸುವುದಕ್ಕೆ, ಸಂಜೆಯ ಹೊತ್ತು ಅವರು ಬರುವುದನ್ನು ಕಾಯುವುದಕ್ಕೆ ಹೋಗುತ್ತದೆ. ದೊಡ್ಡ ಮೈದಾನದಲ್ಲಿ 100 ಮೀಟರ್ ದೂರದವನಿಗೆ ಸದ್ದು ಸುಮಾರು 0.3 ಸೆಕೆಂಡು ತಡವಾಗಿ ಮುಟ್ಟುವುದರಿಂದ, ನಡುವೆ ನಿಲ್ಲಿಸಿದ ಸ್ಪೀಕರುಗಳಿಗೆ ತಕ್ಕ ವಿಳಂಬ ಕೂಡಿಸದಿದ್ದರೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳಿಸುತ್ತದೆ. ಇದನ್ನು ಸರಿಪಡಿಸಲು ಮೈಕ್‌ಸೆಟ್‌ನವರಿಗೆ ಬೇಕಾಗುವುದು ಖಾಲಿ ಮೈದಾನ ಮತ್ತು ಅರ್ಧ ತಾಸು. ಅದೂ ಅವರಿಗೆ ಸಿಗುವುದಿಲ್ಲ.

ಹೀಗಿದ್ದರೂ ಈ ಭಾಗದ ಬಗ್ಗೆ ನಿರಾಶೆಗೆ ಕಾರಣವಿಲ್ಲ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿಯೇ 1947ರಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನಿಂದ ಬೆಳೆದ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಐಐಟಿ, ಐಐಐಟಿಗಳಿವೆ. ಅದೇ ಅಳತೆಯೊಳಗೆ ಉಣಕಲ್ಲಿನ ಗಂಗೂಬಾಯಿ ಹಾನಗಲ್ ಗುರುಕುಲ, ಧಾರವಾಡದ ರಂಗಾಯಣ, 1890ರಿಂದ ನಡೆದುಬಂದ ಕರ್ನಾಟಕ ವಿದ್ಯಾವರ್ಧಕ ಸಂಘಗಳಿವೆ. ಸ್ವಲ್ಪ ಆಚೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇವೆ. ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ವಿದ್ಯಾರ್ಥಿಗಳು ಸಂಗೀತ ಕಲಿಯುತ್ತಾರೆ. ಕಾಣದವರಿಗೂ ವೇದಿಕೆಯ ವಿನ್ಯಾಸ ತಿಳಿಯುವಂತೆ, ಸಹವಾದಕನ ಸನ್ನೆ ಮೈಗೆ ತಾಗುವ ಸಣ್ಣ ಕಂಪನವಾಗಿ ಮುಟ್ಟುವಂತೆ ಏನಾದರೂ ರೂಪಿಸಬಹುದೇ ಎಂಬುದು ಲೇಸರಿಗಿಂತ ನೂರು ಪಾಲು ಆಸಕ್ತಿಯ ಪ್ರಶ್ನೆ, ಅದನ್ನು ಕೇಳಲು ಇಲ್ಲಿಗಿಂತ ತಕ್ಕ ಊರು ಸಿಗುವುದು ಕಷ್ಟ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಫ್ಯೂಚರ್‌ಫೆಂಟಾಸ್ಟಿಕ್ ಉತ್ಸವ ಹವಾಮಾನದ ಬಿಕ್ಕಟ್ಟನ್ನು ಎದುರಿಗಿಟ್ಟುಕೊಂಡು ಕೃತಕ ಬುದ್ಧಿಮತ್ತೆಯ ಕಲಾಕೃತಿಗಳನ್ನು ತೋರಿಸಿತು. ಅದರ ನಕಲು ಇಲ್ಲಿಗೆ ಬೇಡ. ಕಲಾವಿದರನ್ನೂ ತಂತ್ರಜ್ಞರನ್ನೂ ಪ್ರದರ್ಶನಕ್ಕೆ ಬಹಳ ಮೊದಲೇ ಕೂಡಿಸಿ ದುಡಿಸಿದ ಕ್ರಮವನ್ನು ಮಾತ್ರ ಗಮನಿಸಬೇಕು.

ಇಲ್ಲಿ ಆಗಬೇಕಾದ ಬದಲಾವಣೆ ದೊಡ್ಡದೇನಲ್ಲ. ಟೆಂಡರಿನ ಷರತ್ತಿನಲ್ಲಿ ಉಪಕರಣಗಳು ಪ್ರದರ್ಶನಕ್ಕೆ ಎರಡು ದಿನ ಮುಂಚೆ ಸ್ಥಳದಲ್ಲಿರಬೇಕು, ಆಯೋಜಕರು ಹೇಳಿದ ಕಲಾತಂಡದೊಂದಿಗೆ ಒಂದು ಪೂರ್ಣ ತಾಲೀಮು ನಡೆಯಬೇಕು ಎಂದು ಎರಡು ಸಾಲು ಸೇರಿಸಬಹುದು. ಸಂಭಾವನೆಯ ಪಟ್ಟಿಯಲ್ಲಿ ತಾಲೀಮಿನ ದಿನಗಳಿಗೆ ಪ್ರತ್ಯೇಕ ದಿನಭತ್ಯೆ ಇಡಬಹುದು. ಉತ್ಸವಕ್ಕೆಂದು ಮಾಡಿಸಿದ ಚಿತ್ರ, ನಕ್ಷೆ, ತಂತ್ರಾಂಶಗಳು ಗುತ್ತಿಗೆದಾರನ ಲ್ಯಾಪ್‌ಟಾಪಿನಲ್ಲಿ ಊರು ಬಿಡದೆ ಜಿಲ್ಲೆಯಲ್ಲಿಯೇ ಉಳಿಯಬೇಕೆಂದು ಬರೆದರೆ, ಲಕ್ಕುಂಡಿಯ ದೇವಾಲಯವನ್ನು ಪ್ರತಿ ಸಲ ಹೊಸದಾಗಿ ಅಳೆಯುವ ಖರ್ಚೂ ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು ದಿನಾಂಕ ಬೇಕು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿನ ವಿಷಯ ಹುಡುಕುವುದು ಶೈಕ್ಷಣಿಕ ವರ್ಷದ ಆರಂಭದ ತಿಂಗಳುಗಳಲ್ಲಿ. ಫೆಬ್ರುವರಿಯ ಉತ್ಸವದ ದಿನಾಂಕ ಆಗಸ್ಟಿನಲ್ಲಿಯೇ ಗೊತ್ತಾದರೆ ಡೊಳ್ಳಿನ ಮೇಳವೊಂದರ ಹೆಸರನ್ನು ಕಾಲೇಜಿಗೆ ಆಗಲೇ ಕೊಡಬಹುದು, ದೀಪಾವಳಿಯ ರಜೆಯೊಳಗೆ ಸಂವೇದಕ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಿತ್ತುಬೀಳುತ್ತದೆ ಎಂಬುದು ಇಬ್ಬರಿಗೂ ತಿಳಿದಿರುತ್ತದೆ.